ಕಾರವಾರ: ತರಗತಿಯಲ್ಲಿ ಪೈಪೋಟಿ ಪ್ರಯೋಗ. ಲೆಕ್ಕಕ್ಕಿಂತ ಹೆಚ್ಚು ಸುರಿದರೆ ಕಾರಣ ಹಿಡಿಯುವುದು ಹೇಗೆ?

ಬೈತಖೋಲ_ದಕ್ಕೆ ಕೇಳಿದ್ದು:

ಪದವಿ ಎರಡನೇ ವರ್ಷದ 24 ವಿದ್ಯಾರ್ಥಿಗಳಿಗೆ ಆಟದ ಸಿದ್ಧಾಂತದ ಪಾಠದ ಜೊತೆ ಒಂದು ಪೈಪೋಟಿ ಪ್ರಯೋಗ ಮಾಡಿಸಬೇಕಿದೆ. ಜಾಗ ಕಾರವಾರ, ಸಮಯ 90 ನಿಮಿಷ. ಕಂಪ್ಯೂಟರ್ ಲ್ಯಾಬ್ ಇಲ್ಲ. ಚೀಟಿ, ಲಕೋಟೆ, ಒಂದು ಲ್ಯಾಪ್‌ಟಾಪ್, ಕೈಗೆ ಇಬ್ಬರು ಸಹಾಯಕರು, ಇಷ್ಟೇ.

ಈಗಿನ ಯೋಜನೆ ಹೀಗಿದೆ. ನಾಲ್ಕು ದೋಣಿಗಳಿಗೆ ಒಂದೇ ಬಂಗಡೆ ಹಿಂಡು ಕಾಣಿಸಿದೆ. ಪ್ರತಿ ದೋಣಿಗೆ 120 ಟೋಕನ್. ಅದರಲ್ಲಿ ಎಷ್ಟನ್ನು ಡೀಸೆಲ್ಲಿಗೆ ಹಾಕುತ್ತೀರಿ ಎಂದು ಗುಟ್ಟಾಗಿ ಬರೆಸುವುದು. ಹಿಂಡಿನ ಬೆಲೆಯೂ 120. ಗೆಲ್ಲುವ ಸಂಭವ ಎಂದರೆ ತನ್ನ ಡೀಸೆಲ್ ÷ ನಾಲ್ವರ ಒಟ್ಟು ಡೀಸೆಲ್. ಗೆದ್ದರೂ ಸೋತರೂ ಸುಟ್ಟ ಡೀಸೆಲ್ ವಾಪಸ್ಸಿಲ್ಲ. 20 ಸುತ್ತು. ಗೋರ್ಡನ್ ಟುಲಕ್ 1980ರಲ್ಲಿ ಮುಂದಿಟ್ಟ ಮಾದರಿಯೇ ಇದು. ನ್ಯಾಶ್ ಸಮತೋಲನದ (ಉಳಿದವರು ಬದಲಾಗದಿದ್ದರೆ ಯಾರಿಗೂ ತನ್ನ ಆಯ್ಕೆ ಬದಲಿಸಿ ಲಾಭವಿಲ್ಲದ ಸ್ಥಿತಿ) ಪ್ರಕಾರ ಒಬ್ಬೊಬ್ಬರು 22.5 ಹಾಕಬೇಕು. ಪ್ರಯೋಗಗಳಲ್ಲಿ ಜನ ಇದಕ್ಕಿಂತ ಬಹಳ ಹೆಚ್ಚು ಹಾಕುತ್ತಾರೆ ಅನ್ನುವುದೂ ಗೊತ್ತಿದ್ದದ್ದೇ.

ಸಂದೇಹ ಮೂರು. ಸರಾಸರಿ 40 ಬಂತು ಅನ್ನಿ. ಅದು ಗೆಲ್ಲುವ ಹುಚ್ಚೋ, ಲೆಕ್ಕ ತಪ್ಪಿದ್ದೋ, ಅಥವಾ ಪ್ರಯೋಗ ನಡೆಸಿದ ರೀತಿಯ ಫಲವೋ, ಹೇಗೆ ಬೇರ್ಪಡಿಸುವುದು? ಎರಡನೆಯದು, ದೋಣಿ-ಹಿಂಡಿಗೆ ಈ ಮಾದರಿ ಒಪ್ಪುತ್ತದೆಯೇ? ಮೂರನೆಯದು, ಮೀನುಗಾರಿಕೆಯ ಕಥೆ ಹೇಳಿಯೇ ಆಡಿಸಬೇಕೇ, ಬೋಳಾಗಿ ಟೋಕನ್ ಲೆಕ್ಕ ಮಾತ್ರ ಕೊಡಬೇಕೇ? ತರಗತಿಯ ಅರ್ಧದಷ್ಟು ಮಂದಿ ದೋಣಿ ಇರುವ ಮನೆಯವರು.

---

ಕಾಳಿ_ಅಳಿವೆ ಉತ್ತರ:

ಮೊದಲು ಅಂಕಿ ಸರಿ ಮಾಡಿಕೊಳ್ಳಿ. ಚೀಟಿಯಲ್ಲಿ 22.5 ಎಂದು ಯಾರೂ ಬರೆಯುವುದಿಲ್ಲ. ಪೂರ್ಣಸಂಖ್ಯೆಗೆ ಕಟ್ಟುಹಾಕಿದ ಮೇಲೆ ಸಮತೋಲನವೇ ಎಲ್ಲೋ 22-23ರ ನಡುವೆ ತೂಗಾಡುತ್ತದೆ. ಬಹುಮಾನ 160 ಇಡಿ, ಕೈಗಂಟೂ (ಪ್ರತಿಯೊಬ್ಬರಿಗೆ ಕೊಡುವ ಟೋಕನ್) 160. ಸಮತೋಲನದಲ್ಲಿ ಒಬ್ಬೊಬ್ಬರ ಪಣದ (ಹಾಕುವ ಟೋಕನ್) ಸೂತ್ರ: ಆಟಗಾರರ ಸಂಖ್ಯೆಯಲ್ಲಿ ಒಂದು ಕಳೆದು, ಸಂಖ್ಯೆಯ ವರ್ಗದಿಂದ ಭಾಗಿಸಿ, ಬಹುಮಾನದಿಂದ ಗುಣಿಸಿ. ಇಬ್ಬರಾದರೆ 160ರ ಕಾಲುಭಾಗ 40. ನಾಲ್ವರಾದರೆ 160ರ ಹದಿನಾರನೇ ಮೂರು ಪಾಲು, 30. ಎರಡೂ ಪೂರ್ಣಸಂಖ್ಯೆ.

ನಾಲ್ವರ ಬದಲು ಇಬ್ಬರ ಆಟವೇ ಇರಲಿ. ಕಾರಣ ಮುಂದೆ ಅಂಕಿಅಂಶದವರು ಹೇಳಬಹುದು, ನನ್ನ ಕಾರಣ ಪಾಠದ್ದು: ಇಬ್ಬರ ಆಟದಲ್ಲಿ ಕರಿಹಲಗೆಯ ಮೇಲೆ ಎಲ್ಲವನ್ನೂ ಮಾಡಿ ತೋರಿಸಬಹುದು. ಎದುರಾಳಿಯ ಪಣ ಗೊತ್ತಿದ್ದರೆ ನನಗೆ ಅತ್ಯುತ್ತಮ ಉತ್ತರ ಎಂದರೆ, ಆ ಪಣವನ್ನು 160ರಿಂದ ಗುಣಿಸಿ ವರ್ಗಮೂಲ ತೆಗೆದು ಅದೇ ಪಣವನ್ನು ಕಳೆಯುವುದು. ಎದುರಾಳಿ 10 ಹಾಕಿದರೆ ನನಗೆ 30 ಸರಿ. ಅವನು 40 ಹಾಕಿದರೆ 40. ಅವನು 90 ಸುರಿದರೆ ಮತ್ತೆ 30ಕ್ಕೆ ಇಳಿಯಬೇಕು. ಅವನು 160 ಪೂರ್ತಿ ಸುರಿದರೆ ಸುಮ್ಮನೆ ಕೂರಬೇಕು. ಹುಡುಗರಿಗೆ ಗಂಟಲಲ್ಲಿ ಇಳಿಯದ ಭಾಗ ಇದೇ. ಎದುರಿನವನು ಜೋರಾದಾಗ ಹಿಂದೆ ಸರಿಯುವುದು ಲಾಭ ಎಂದು ಲೆಕ್ಕ ಹೇಳುತ್ತದೆ, ಕೈ ಮಾತ್ರ ಮುಂದಕ್ಕೇ ಹೋಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎದುರಾಳಿ 40ರಲ್ಲೇ ನಿಂತಿದ್ದಾನೆ ಅನ್ನಿ. ನಾನು 40 ಹಾಕಿದರೆ ಸರಾಸರಿ ನಿವ್ವಳ ಲಾಭ 40. 60 ಹಾಕಿದರೆ 36. 24 ಹಾಕಿದರೂ 36. 80 ಹಾಕಿದರೆ ಸುಮಾರು 27, 120 ಹಾಕಿದರೆ ಸೊನ್ನೆ. ಅಂದರೆ ಲಾಭದ ಗುಡ್ಡದ ನೆತ್ತಿ ಚಪ್ಪಟೆಯಾಗಿದೆ. 20 ಟೋಕನ್ ಹೆಚ್ಚು ಸುಟ್ಟರೂ ಕೈಬಿಡುವುದು ನಾಲ್ಕೇ ಟೋಕನ್. ಎಚ್ಚರಿಸುವಷ್ಟು ನೋವು ಅಲ್ಲಿಲ್ಲ. ಜೊತೆಗೆ 40ರ ಕೆಳಗೆ ತಪ್ಪಲು ಇರುವ ಜಾಗ 40, ಮೇಲೆ ತಪ್ಪಲು ಇರುವ ಜಾಗ 120. ಏನೂ ಅರ್ಥವಾಗದೆ ಕಣ್ಣುಮುಚ್ಚಿ ಬರೆಯುವವನ ಸರಾಸರಿ 80. ಹಾಗಾಗಿ ಬರೀ ಗೊಂದಲವೇ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತದೆ. “ಗೆಲುವಿನ ಹುಚ್ಚು” ಎಂದು ತೀರ್ಪು ಕೊಡುವ ಮುಂಚೆ ಇದನ್ನು ಕಳೆಯಬೇಕು.

ಕಳೆಯುವುದಕ್ಕೆ ಒಳ್ಳೆಯ ಉಪಾಯ ಹಂಚಿಕೆ ನಿಯಮ. ಒಂದು ಭಾಗದಲ್ಲಿ ಬಹುಮಾನ ಚೀಟಿ ಎತ್ತಿ ಒಬ್ಬರಿಗೇ. ಇನ್ನೊಂದು ಭಾಗದಲ್ಲಿ ಅದೇ 160ನ್ನು ಪಣದ ಪ್ರಮಾಣದಲ್ಲಿ ಇಬ್ಬರಿಗೂ ಹಂಚುವುದು. ಸಮತೋಲನ ಎರಡರಲ್ಲೂ 40. ಚೌಧರಿ, ಶೆರೆಮೆಟಾ, ಟರೊಸಿ 2014ರಲ್ಲಿ ಇದನ್ನೇ ಮಾಡಿದರು: ಹಂಚಿಕೆಯಲ್ಲಿ ಪಣಗಳು ಸಮತೋಲನದ ಹತ್ತಿರ ಬಂದವು, ಚದುರುವಿಕೆಯೂ ಇಳಿಯಿತು. ಪಣ ಏರಿದಂತೆ ವೆಚ್ಚ ಇನ್ನೂ ಕಡಿದಾಗಿ ಏರುವಂತೆ ಮಾಡಿದಾಗ ಮತ್ತಷ್ಟು ಹತ್ತಿರ ಬಂದವು; ಗುಡ್ಡದ ನೆತ್ತಿ ಚೂಪಾಯಿತಲ್ಲ, ಅದಕ್ಕೆ. ನಿಮ್ಮಲ್ಲಿ ಹಂಚಿಕೆಯಲ್ಲೂ ಸರಾಸರಿ 60-70ರಲ್ಲೇ ಇದ್ದರೆ ಲೆಕ್ಕದ ತೊಡಕು ಜಾಸ್ತಿ ಎಂದುಕೊಳ್ಳಿ. ಹಂಚಿಕೆಯಲ್ಲಿ 45, ಚೀಟಿಯಲ್ಲಿ 70 ಬಂದರೆ ಅದೃಷ್ಟ ಮತ್ತು “ಗೆದ್ದೆ” ಅನ್ನುವುದರ ಎಳೆತ ಇದೆ. ಪೂರ್ತಿ ಶುದ್ಧವಾದ ಬೇರ್ಪಡಿಕೆ ಇದಲ್ಲ. ಹಂಚಿಕೆಯಲ್ಲಿ ಪ್ರತಿ ಸುತ್ತಿನಲ್ಲೂ ತಾನು ಮಾಡಿದ್ದರ ಫಲ ನೇರವಾಗಿ ಕಾಣುವುದರಿಂದ ಕಲಿಯುವುದೂ ಬೇಗ.

ಎರಡನೇ ಉಪಾಯ ಸೊನ್ನೆ ಬಹುಮಾನದ ಸುತ್ತು. ಕೊನೆಯಲ್ಲಿ ಒಮ್ಮೆ ಮಾತ್ರ, ಕೈಗಂಟು ಅಷ್ಟೇ ಕೊಟ್ಟು, “ಈ ಸುತ್ತಿನ ಬಹುಮಾನ 0, ಆದರೂ ಯಾರು ಗೆದ್ದರೆಂದು ಹೇಳಲಾಗುತ್ತದೆ” ಎಂದು ಪಣ ಬರೆಸಿ. ಶೆರೆಮೆಟಾ 2010ರಲ್ಲಿ ಇದನ್ನು ಮಾಡಿದಾಗ 40 ಪ್ರತಿಶತಕ್ಕೂ ಹೆಚ್ಚು ಜನ ಏನಾದರೊಂದು ಹಾಕಿದರು, ಮತ್ತು ಹಾಗೆ ಹಾಕಿದವರೇ ನಿಜವಾದ ಸುತ್ತುಗಳಲ್ಲೂ ಹೆಚ್ಚು ಸುರಿದವರು. ನಡುವೆ ಈ ಸುತ್ತು ತುರುಕಬೇಡಿ, ಮುಂದಿನ ಸುತ್ತುಗಳು ಕೆಡುತ್ತವೆ. ಚೀಟಿಯ ಮೇಲೆ “0 ಬರೆಯುವುದಕ್ಕೂ ಅಡ್ಡಿಯಿಲ್ಲ” ಎಂದು ಅಚ್ಚಾಗಿರಲಿ. ಇಲ್ಲದಿದ್ದರೆ, ಕೂರಿಸಿದ್ದಾರೆ, ಏನಾದರೂ ಮಾಡಬೇಕೇನೋ ಎಂದು ಬರೆಯುತ್ತಾರೆ; ನೀವು ಅಳೆದದ್ದು ಗೆಲುವಿನ ಆಸೆ ಆಗುವುದಿಲ್ಲ, ಮಾಸ್ತರರ ಮೇಲಿನ ಮರ್ಯಾದೆ ಆಗುತ್ತದೆ.

ಇಬ್ಬರೂ 0 ಬರೆದರೆ ಏನು ಎಂದು ಮೊದಲೇ ಹೇಳಿಬಿಡಿ: ನಾಣ್ಯ ಚಿಮ್ಮುವುದು, ಹಂಚಿಕೆಯಾದರೆ 80-80.

ಸಮಯದ ಲೆಕ್ಕ: ವಿವರಣೆ 15 ನಿಮಿಷ, ಅರ್ಥವಾಯಿತೇ ಎಂಬ ಪರೀಕ್ಷೆ 10, ಸುತ್ತಿಗೆ ಎರಡೂವರೆ ನಿಮಿಷದಂತೆ 8+8 ಸುತ್ತಿಗೆ 40, ಸೊನ್ನೆ ಸುತ್ತಿಗೆ 3, ಹಣ ಹಂಚಲು 12. ಹತ್ತು ನಿಮಿಷ ಕೈಯಲ್ಲಿ ಉಳಿಯುತ್ತದೆ, ಅದು ಉಳಿಯಲೇಬೇಕು. 20 ಸುತ್ತಿನ ಆಸೆ ಬಿಡಿ. ಗೆಲುವು ನಿರ್ಧರಿಸಲು ಹತ್ತುಮುಖದ ಮೂರು ದಾಳ ಇಟ್ಟುಕೊಂಡು ಇಡೀ ಕೋಣೆಗೆ ಒಂದೇ ಸಂಖ್ಯೆ ಉರುಳಿಸಿದರೆ ಸಮಯ ಉಳಿಯುತ್ತದೆ. ದಾಳ ಸಿಗದಿದ್ದರೆ 0ರಿಂದ 9ರವರೆಗೆ ಬರೆದ ಹತ್ತು ಚೀಟಿ ಸ್ಟೀಲ್ ಲೋಟದಲ್ಲಿ ಹಾಕಿ, ಎತ್ತಿದ್ದನ್ನು ವಾಪಸ್ ಹಾಕುತ್ತ ಮೂರು ಸಲ ಎತ್ತಿ.

---

ತೋಟಿಗ_ಶಿರಸಿ ಉತ್ತರ:

ಘಟ್ಟದ ಮೇಲಿನವರದ್ದೊಂದು ತಕರಾರು. ಈ ಪಾಠಕ್ಕೆ ಶಿರಸಿ ಅಡಿಕೆ ಟೆಂಡರನ್ನು ಉದಾಹರಣೆಯಾಗಿ ಕೊಡುವವರಿದ್ದಾರೆ. ಕೊಡಬೇಡಿ. ರಾಶಿ ಇರಲಿ, ಚಾಲಿ ಇರಲಿ, ಮುಚ್ಚಿದ ಟೆಂಡರಿನಲ್ಲಿ ಸೋತ ವ್ಯಾಪಾರಿ ಒಂದು ಪೈಸೆಯನ್ನೂ ತೆರುವುದಿಲ್ಲ. ಅದು ಹರಾಜು. ಪೈಪೋಟಿಯ ಪ್ರಾಣವೇ ಸೋತವನೂ ತೆರುವುದರಲ್ಲಿದೆ. ಈ ವ್ಯತ್ಯಾಸ ಮೊದಲ ಐದು ನಿಮಿಷದಲ್ಲಿ ಹೇಳದಿದ್ದರೆ ಅರ್ಧ ತರಗತಿ “ಸೋತರೆ ಏನು ಹೋಯಿತು” ಎಂದು 150 ಬರೆಯುತ್ತದೆ, ನೀವು ಅದನ್ನು ಗೆಲುವಿನ ಹುಚ್ಚು ಎಂದು ದಾಖಲಿಸುತ್ತೀರಿ.

ಮೇಲಿನ ಸೀಮೆಯ ನಿಜವಾದ ಉದಾಹರಣೆ ಬೇಕಿದ್ದರೆ ಬೇಲಿ. ಅಕ್ಕಪಕ್ಕದ ಎರಡು ತೋಟ, ಕಾಡಿನಿಂದ ಒಂದೇ ಹಂದಿ ಹಿಂಡು. ನಾನು ಸೋಲಾರ್ ಬೇಲಿ ಬಲಪಡಿಸಿದರೆ ಹಂದಿ ಕಾಡಿಗೆ ವಾಪಸ್ ಹೋಗುವುದಿಲ್ಲ, ನಿಮ್ಮ ತೋಟಕ್ಕೆ ಬರುತ್ತದೆ. ನೀವೂ ಬಲಪಡಿಸಿದರೆ ಮತ್ತೆ ಅರ್ಧ-ಅರ್ಧ ಸಂಭವ, ಖರ್ಚು ಮಾತ್ರ ಇಬ್ಬರದ್ದೂ ಮಣ್ಣಾಯಿತು. ಇಬ್ಬರೂ ಸೊನ್ನೆ ಹಾಕಿದ್ದರೂ ಅರ್ಧ-ಅರ್ಧವೇ ಇತ್ತಲ್ಲ! ಟುಲಕ್ ಹೇಳಿದ ವ್ಯರ್ಥ ಎಂದರೆ ಇದು. ಇಬ್ಬರ ಆಟದಲ್ಲಿ ಸಮತೋಲನದಲ್ಲೇ 160ರ ಬಹುಮಾನಕ್ಕೆ 80 ಮಣ್ಣುಪಾಲು, ನಾಲ್ವರಾದರೆ 120. ಜನ ಹೆಚ್ಚಿದಂತೆ ಒಬ್ಬೊಬ್ಬರ ಪಣ ಇಳಿಯುತ್ತದೆ, ಒಟ್ಟು ವ್ಯರ್ಥ ಏರುತ್ತದೆ. ಇದನ್ನು ಅಂಕಿಯಾಗಿ ಬರೆದು ತೋರಿಸಿ. ಮಂಗದ ಉದಾಹರಣೆ ಮಾತ್ರ ಬೇಡ. ಅದು ಯಾವ ಸಮತೋಲನಕ್ಕೂ ಬಗ್ಗುವ ಪ್ರಾಣಿಯಲ್ಲ.

---

ಅಘನಾಶಿನಿ_ಗಜನಿ ಉತ್ತರ:

ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ದೋಣಿ ಮತ್ತು ಹಿಂಡಿಗೆ ಟುಲಕ್ ಮಾದರಿ ಅರ್ಧ ಮಾತ್ರ ಒಪ್ಪುತ್ತದೆ.

ಒಂದೇ ಹಿಂಡು, ಮೊದಲು ಮುಟ್ಟಿದವನು ಬಲೆ ಸುತ್ತುತ್ತಾನೆ, ಎರಡನೆಯವನಿಗೆ ಏನೂ ಇಲ್ಲ ಎಂದಾದರೆ ಅದು ಅದೃಷ್ಟದ ಆಟವಲ್ಲ. ಹೆಚ್ಚು ಹಾಕಿದವನಿಗೇ ಖಚಿತವಾಗಿ ಎಲ್ಲ. ಎಲ್ಲರೂ ತೆರುವ ಹರಾಜು ಅನ್ನುತ್ತಾರೆ. ಅಲ್ಲಿ ಸ್ಥಿರವಾದ ಒಂದೇ ಸಂಖ್ಯೆಯ ಸಮತೋಲನ ಇಲ್ಲವೇ ಇಲ್ಲ. ನೀವು 40 ಎಂದರೆ ನಾನು 41, ಆಮೇಲೆ ನೀವು 42, ಕೊನೆಗೊಬ್ಬ ಬೇಸತ್ತು 0. ಇಬ್ಬರಾದರೆ 0ರಿಂದ 160ರವರೆಗೆ ಸಮನಾಗಿ ಚದುರಿಸಿ ಆಡುವುದೇ ಸಮತೋಲನ: ಸರಾಸರಿ 80, ಒಟ್ಟು 160, ಅಂದರೆ ಹಿಂಡಿನ ಬೆಲೆ ಪೂರ್ತಿ ಡೀಸೆಲ್ಲಿನಲ್ಲಿ ಹೊಗೆ. ನಾಲ್ವರಾದರೆ ಇನ್ನೂ ವಿಚಿತ್ರ: ಒಬ್ಬೊಬ್ಬರ ಸರಾಸರಿ 40, ಆದರೆ ಅರ್ಧದಷ್ಟು ಪಣಗಳು 20ಕ್ಕಿಂತ ಕೆಳಗೇ ಇರಬೇಕು. ಬಹುಪಾಲು ಸಲ ದಡದಲ್ಲೇ ಇದ್ದು, ಹೊರಟ ದಿನ ಹೊಡೆತ ಜೋರು. ಇದನ್ನು ತರಗತಿಯಲ್ಲಿ ಆಡಿಸುವುದಾದರೆ ಸರಾಸರಿ ನೋಡಿ ಫಲವಿಲ್ಲ, ಪಣಗಳ ಹರಡಿಕೆ ಬಿಡಿಸಿ ನೋಡಬೇಕು. 16 ಸುತ್ತಿನಲ್ಲಿ ಆ ಚಿತ್ರ ಮೂಡುವುದು ಕಷ್ಟ. ಹಾಗಾಗಿ ನಿಮ್ಮ 90 ನಿಮಿಷಕ್ಕೆ ಚೀಟಿ-ಹಂಚಿಕೆ ಜೋಡಿಯೇ ವಾಸಿ.

ಆದರೆ ಸಮುದ್ರದ ಕಥೆಯ ದೊಡ್ಡ ಭಾಗ ಬೇರೆ. ಬಹುಮಾನ 160 ಎಂದು ಯಾರೋ ಇಟ್ಟು ಹೋಗಿಲ್ಲ. ಎಲ್ಲರೂ ಹೆಚ್ಚು ಹಾಕಿದರೆ ಬಹುಮಾನವೇ ಕರಗುತ್ತದೆ. 1954ರಲ್ಲಿ ಸ್ಕಾಟ್ ಗೋರ್ಡನ್ ಮೀನುಗಾರಿಕೆಯ ಬಗ್ಗೆ ಬರೆದದ್ದು ಇದನ್ನೇ. ಪ್ರಯೋಗಕ್ಕೆ ಇಳಿಸಿದವರು ಎಲಿನಾರ್ ಆಸ್ಟ್ರಮ್, ಜೇಮ್ಸ್ ವಾಕರ್, ರಾಯ್ ಗಾರ್ಡ್‌ನರ್. ಎಂಟು ಜನ. ಟೋಕನನ್ನು ದಡದ ಕೆಲಸಕ್ಕೆ ಹಾಕಿದರೆ ಒಂದಕ್ಕೆ 5. ಸಾಮೂಹಿಕ ಸಂಪನ್ಮೂಲಕ್ಕೆ ಹಾಕಿದರೆ ಗುಂಪಿಗೆ ಬರುವುದು 23 × ಒಟ್ಟು ಟೋಕನ್, ಅದರಿಂದ ಒಟ್ಟು ಟೋಕನಿನ ವರ್ಗದ ಕಾಲುಭಾಗ ಕಳೆಯಬೇಕು. ಬಂದದ್ದನ್ನು ಹಾಕಿದ ಪ್ರಮಾಣದಲ್ಲಿ ಹಂಚಿಕೆ. ಗುಂಪಿಗೆ ಒಳ್ಳೆಯದು ಒಟ್ಟು 36. ನ್ಯಾಶ್ ಸಮತೋಲನ ತಲಾ 8, ಒಟ್ಟು 64. ಅಲ್ಲಿ ದಡದ ಕೆಲಸ ಬಿಟ್ಟು ಬಂದದ್ದಕ್ಕೆ ಸಿಗುವ ಹೆಚ್ಚುವರಿ 128. ಅತ್ಯುತ್ತಮವಾಗಿ ಸಿಗಬಹುದಾಗಿದ್ದದ್ದು 324. ಒಟ್ಟು 92 ಆದರೆ ಬಲೆಯಲ್ಲಿ ಏನೂ ಇಲ್ಲ.

ಗಮನಿಸಿ, ಹಂಚಿಕೆ ಸೂತ್ರ ಮೇಲಿನ ಹಂಚಿಕೆ ನಿಯಮವೇ: ತನ್ನದು ÷ ಒಟ್ಟು. ಬಹುಮಾನ ಮಾತ್ರ ಸ್ಥಿರವಲ್ಲ. ಎರಡು ಆಟಗಳೂ ದಾಯಾದಿಗಳು. ಮುಂದಿನ ವಾರ ಇನ್ನೊಂದು 90 ನಿಮಿಷ ಸಿಕ್ಕರೆ ಇದನ್ನು ಎಂಟರಂತೆ ಮೂರು ಗುಂಪು ಮಾಡಿ ಆಡಿಸಿ. ಕೈಗಂಟು 10 ಕೊಡುತ್ತೀರೋ 25 ಕೊಡುತ್ತೀರೋ ಎಂಬುದು ಸಿದ್ಧಾಂತಕ್ಕೆ ಲೆಕ್ಕಕ್ಕಿಲ್ಲ, ಆಟಕ್ಕೆ ಲೆಕ್ಕಕ್ಕಿದೆ. 25 ಕೊಟ್ಟಲ್ಲಿ ಅವರ ಪ್ರಯೋಗಗಳಲ್ಲೂ ಹೆಚ್ಚುವರಿ ಸೊನ್ನೆಗಿಂತ ಕೆಳಗೆ ಹೋಗಿತ್ತು. ಎಂಟು ಸುತ್ತಿನ ನಂತರ ಮುಖಾಮುಖಿ ಮಾತಾಡಲು ಬಿಡಿ, ಪ್ರತಿ ಸುತ್ತಿಗೆ ಮುಂಚೆ ಎರಡು ನಿಮಿಷ. 1992ರ ಅವರ ಪ್ರಬಂಧದಲ್ಲಿ ಬರೀ ಮಾತಿನಿಂದಲೇ ಗಳಿಕೆ ಬಹಳ ಮೇಲೆದ್ದಿತ್ತು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವನ್ನು ಚರ್ಚೆಗೆ ತರುವುದಾದರೆ ಈ ಆಟದ ನಂತರ ತನ್ನಿ. ಟುಲಕ್ ಆಟದ ನಂತರ ತಂದರೆ ಹೊಂದುವುದಿಲ್ಲ, ಅಲ್ಲಿ ಕರಗುವ ಮೀನೇ ಇಲ್ಲ.

ಕಥೆಯ ಬಗ್ಗೆ: ಮೊದಲ ಪ್ರಯೋಗ ಬೋಳಾಗಿಯೇ ಇರಲಿ. “ಪರ್ಸೀನ್” (ದೊಡ್ಡ ಸುತ್ತುಬಲೆಯ ಯಾಂತ್ರೀಕೃತ ದೋಣಿ), “ನಾಡದೋಣಿ” (ಸಾಂಪ್ರದಾಯಿಕ ಸಣ್ಣ ದೋಣಿ) ಎಂಬ ಎರಡು ಶಬ್ದ ಕೋಣೆಗೆ ಬಂದವೋ, ಪಣದಲ್ಲಿ ಟೋಕನ್ ಇರುವುದಿಲ್ಲ, ಮನೆಯ ಜಗಳ ಇರುತ್ತದೆ. ಗುಂಪು ಎಂಬುದೇ ಸಾಕು, ಹೆಸರೂ ಬೇಕಿಲ್ಲ: ಆಬಿಂಕ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದಂತೆ, ಒಬ್ಬೊಬ್ಬರೇ ಆಡುವುದಕ್ಕಿಂತ ಗುಂಪು-ಗುಂಪುಗಳ ನಡುವೆ ಖರ್ಚು ಬಹಳ ಹೆಚ್ಚು. ತಮ್ಮ ಗುಂಪಿನ ಮೈಗಳ್ಳರಿಗೆ ದಂಡ ಹಾಕಲು ಬಿಟ್ಟರೆ ಇನ್ನೂ ಹೆಚ್ಚು. ಸಿದ್ಧಾಂತದ ಪ್ರಕಾರ ಮೂರರಲ್ಲೂ ಖರ್ಚು ಒಂದೇ ಇರಬೇಕಿತ್ತು.

---

ಬೈತಖೋಲ_ದಕ್ಕೆ ಬರೆದದ್ದು:

ಇಬ್ಬರ ಆಟ, ಬಹುಮಾನ 160, ಚೀಟಿ 8 ಸುತ್ತು, ಹಂಚಿಕೆ 8 ಸುತ್ತು, ಕೊನೆಗೆ ಸೊನ್ನೆ ಸುತ್ತು. ಒಪ್ಪಿದೆ. ಉಳಿದದ್ದು ಮೂರು: ಜೋಡಿ ಬದಲಾಯಿಸುವುದು ಹೇಗೆ, ಹಣ ಎಷ್ಟು ಮತ್ತು ಯಾವ ಸುತ್ತಿಗೆ, ಕೊನೆಯಲ್ಲಿ ಯಾವ ಪರೀಕ್ಷೆ ಹಾಕಿದರೆ ಮಾತಿಗೆ ಆಧಾರ ಸಿಗುತ್ತದೆ? 24 ಜನ × 16 ಸುತ್ತು ಎಂದರೆ 384 ಅಂಕಿ ಸಿಗುತ್ತವೆ, ಸಾಕಲ್ಲವೇ?

---

ಸದಾಶಿವಗಡ_ಶೂನ್ಯ ಉತ್ತರ:

384 ಸಿಗುವುದಿಲ್ಲ. ಆರು ಸಿಗುತ್ತವೆ, ಅದೂ ಜಾಗ್ರತೆಯಾಗಿ ಮಾಡಿದರೆ.

ಒಬ್ಬನ ಎರಡನೇ ಸುತ್ತಿನ ಪಣ ಮೊದಲ ಸುತ್ತಿನ ಎದುರಾಳಿಯಿಂದ ಪ್ರಭಾವಿತ. ಆ ಎದುರಾಳಿ ಇನ್ನೊಬ್ಬನೊಡನೆ ಆಡಿದ ಮೇಲೆ ಆ ಪ್ರಭಾವ ಅವನಿಗೂ ದಾಟುತ್ತದೆ. ಇಡೀ ಕೋಣೆಯಲ್ಲಿ ಜೋಡಿ ಕಲಸಿದರೆ 24 ಜನರೂ ಸೇರಿ ಒಂದೇ ಸ್ವತಂತ್ರ ಅವಲೋಕನ. ಹಾಗಾಗಿ ನಾಲ್ವರಂತೆ ಆರು ಬಳಗ ಮಾಡಿ, ಜೋಡಿ ಬಳಗದ ಒಳಗೇ ಬದಲಾಗಲಿ. ನಾಲ್ವರಲ್ಲಿ ಜೋಡಿ ಕಟ್ಟುವ ರೀತಿ ಮೂರೇ: 1-2 ಮತ್ತು 3-4, 1-3 ಮತ್ತು 2-4, 1-4 ಮತ್ತು 2-3. ಸಾಮಾನ್ಯ ದಾಳ ಒಂದು ಉರುಳಿಸಿ: 1 ಅಥವಾ 2 ಬಿದ್ದರೆ ಮೊದಲ ರೀತಿ, 3-4ಕ್ಕೆ ಎರಡನೆಯದು, 5-6ಕ್ಕೆ ಮೂರನೆಯದು. ಯಾರ ಎದುರು ಆಡಿದರೆಂದು ಅವರಿಗೆ ತಿಳಿಯಬಾರದು. “ನಿಮ್ಮ ಬಳಗದ ಒಬ್ಬರೊಡನೆ, ಪ್ರತಿ ಸುತ್ತಿಗೆ ಹೊಸದಾಗಿ ದಾಳ ಉರುಳಿಸಿ” ಎಂದು ಇದ್ದದ್ದನ್ನು ಇದ್ದಂತೆ ಹೇಳಿ. “ಕೋಣೆಯ ಯಾರಾದರೂ” ಎಂದು ಸುಳ್ಳು ಹೇಳಿದರೆ ಮುಂದಿನ ಪ್ರಯೋಗಕ್ಕೆ ಯಾರೂ ನಿಮ್ಮ ಮಾತು ನಂಬುವುದಿಲ್ಲ. ಪ್ರಾಯೋಗಿಕ ಅರ್ಥಶಾಸ್ತ್ರದಲ್ಲಿ ವಂಚನೆ ನಿಷಿದ್ಧ ಅನ್ನುವುದು ನೀತಿಪಾಠ ಮಾತ್ರವಲ್ಲ, ಅಳತೆಗೋಲು ಉಳಿಸಿಕೊಳ್ಳುವ ಉಪಾಯ.

ಬಳಗಕ್ಕೊಂದು ಬಣ್ಣದ ಕಾಗದ, ಚೀಟಿಯಲ್ಲಿ ಆಟಗಾರನ ಸಂಖ್ಯೆ ಮತ್ತು ಸುತ್ತಿನ ಸಂಖ್ಯೆ ಮೊದಲೇ ಅಚ್ಚಾಗಿರಲಿ. ಕೈಯಿಂದ ನಡೆಸುವ ಪ್ರಯೋಗದಲ್ಲಿ ಕೆಡುವುದು ಸಿದ್ಧಾಂತವಲ್ಲ, 7ನೇ ಸುತ್ತಿನ ಚೀಟಿ 8ರ ಲಕೋಟೆಗೆ ಸೇರುವುದು. ಸಹಾಯಕ ಒಬ್ಬ ಲ್ಯಾಪ್‌ಟಾಪಿಗೆ ತುಂಬಲಿ, ಇನ್ನೊಬ್ಬ ಗಟ್ಟಿಯಾಗಿ ಓದದೆ ತೋರಿಸುತ್ತ ಪರಿಶೀಲಿಸಲಿ.

ಪರೀಕ್ಷೆ: ಪ್ರತಿ ಬಳಗದ ಚೀಟಿ-ಭಾಗದ ಸರಾಸರಿ ಮತ್ತು ಹಂಚಿಕೆ-ಭಾಗದ ಸರಾಸರಿ ತೆಗೆದು, ಆರು ವ್ಯತ್ಯಾಸಗಳ ಮೇಲೆ ವಿಲ್ಕಾಕ್ಸನ್ ಚಿಹ್ನೆ-ಶ್ರೇಣಿ ಪರೀಕ್ಷೆ (ವ್ಯತ್ಯಾಸಗಳು ಒಂದೇ ದಿಕ್ಕಿಗೆ ವಾಲಿವೆಯೇ ಎಂದು ನೋಡುವುದು). ಆರೂ ಒಂದೇ ದಿಕ್ಕಿಗಿದ್ದರೆ, ಬರೀ ಆಕಸ್ಮಿಕವಾಗಿ ಹಾಗಾಗುವ ಎರಡು ಬದಿಯ ಸಂಭವ 64ರಲ್ಲಿ 2, ಅಂದರೆ 0.031. ಐದೇ ಬಳಗ ಇದ್ದರೆ 32ರಲ್ಲಿ 2, 0.0625, ಎಲ್ಲವೂ ಒಂದೇ ದಿಕ್ಕಿಗಿದ್ದರೂ 5 ಪ್ರತಿಶತದ ಗೆರೆ ದಾಟುವುದಿಲ್ಲ. ನೀವು ಮೊದಲು ಹೇಳಿದ ನಾಲ್ವರ ಆಟದಲ್ಲಿ ಎಂಟರಂತೆ ಮೂರೇ ಬಳಗ, ಅಲ್ಲಿ 0.25ಕ್ಕಿಂತ ಕೆಳಗಿಳಿಯುವ ದಾರಿಯೇ ಇಲ್ಲ. ಒಬ್ಬ ವಿದ್ಯಾರ್ಥಿ ಗೈರಾದರೆ ಒಂದು ಬಳಗ ಹೋದಂತೆ, ಆದ್ದರಿಂದ 26 ಜನರಿಗೆ ಹೇಳಿ ಕಳಿಸಿ. ಹೆಚ್ಚಾದವರಿಗೆ ಹಾಜರಿ ಹಣ ಕೊಟ್ಟು ಸಹಾಯಕರನ್ನಾಗಿ ಮಾಡಿ. ಮೂರು ಬಳಗ ಚೀಟಿಯಿಂದ ಶುರು ಮಾಡಲಿ, ಮೂರು ಹಂಚಿಕೆಯಿಂದ. ಇಲ್ಲದಿದ್ದರೆ ಕಲಿಕೆಯನ್ನು ನಿಯಮದ ಪರಿಣಾಮವೆಂದು ಓದಿಬಿಡುತ್ತೀರಿ.

ಕಾಳಿ_ಅಳಿವೆಯವರ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಇಡೀ ಕೋಣೆಗೆ ಒಂದೇ ಸಂಖ್ಯೆ ಉರುಳಿಸಿದರೆ ಆರು ಬಳಗಗಳೂ ಒಂದೇ ಅದೃಷ್ಟಕ್ಕೆ ಕಟ್ಟಿಬೀಳುತ್ತವೆ. ಸಂಖ್ಯೆ ಚಿಕ್ಕದು ಬಿದ್ದರೆ ಎಲ್ಲ ಕಡೆ ಜೋಡಿಯ ಮೊದಲನೆಯವನೇ ಗೆಲ್ಲುತ್ತಾನೆ, ಸುದ್ದಿ ಮೂರನೇ ಸುತ್ತಿಗೆ ಹಬ್ಬುತ್ತದೆ. ಇಷ್ಟು ಕಷ್ಟಪಟ್ಟು ಬೇರ್ಪಡಿಸಿದ್ದನ್ನು ದಾಳ ಮತ್ತೆ ಹೊಲಿದುಬಿಡುತ್ತದೆ. ಬಳಗಕ್ಕೊಂದು ಸಲ, ಆರು ಸಲ ಉರುಳಿಸಿ. ಒಂದು ನಿಮಿಷದ ಕೆಲಸ. ಒಮ್ಮೆಗೆ ಮೂರು ಬಳಗ ಮಾತ್ರ ಚೀಟಿ ಭಾಗದಲ್ಲಿರುವುದರಿಂದ ವಾಸ್ತವದಲ್ಲಿ ಮೂರೇ ಸಲ.

ಹಣ: ಪ್ರತಿ ಸುತ್ತಿಗೆ ಹೊಸ 160 ಕೈಗಂಟು, ಹಿಂದಿನದ್ದು ಮುಂದಕ್ಕೆ ಹೋಗಬಾರದು. ಒಟ್ಟುಗೂಡಿಸಿದರೆ ಸೋತವರು 12ನೇ ಸುತ್ತಿನ ಹೊತ್ತಿಗೆ “ಹೋದದ್ದನ್ನು ಎತ್ತಬೇಕು” ಎಂದು ಆಡುತ್ತಾರೆ, ಗೆದ್ದವರು ಉಡಾಫೆಯಾಗಿ. ಎರಡೂ ಭಾಗಗಳಿಂದ ಒಂದೊಂದು ಸುತ್ತನ್ನು ಕೊನೆಯಲ್ಲಿ ಎಲ್ಲರ ಮುಂದೆ ಎತ್ತಿ, ಅವೆರಡಕ್ಕೆ ಮಾತ್ರ ಹಣ. ಟೋಕನಿಗೆ 25 ಪೈಸೆ. ಸಮತೋಲನದಲ್ಲಿ ಒಂದು ಸುತ್ತಿಗೆ 160ರಲ್ಲಿ 40 ಹೋಗಿ ಸರಾಸರಿ 80 ಬಂದು 200 ಟೋಕನ್, 50 ರೂಪಾಯಿ. ಎರಡು ಸುತ್ತಿಗೆ 100. ಹಾಜರಿಗೆ 50 ಸೇರಿಸಿ. 24 ಜನಕ್ಕೆ 3,600 ರೂಪಾಯಿ ಇಟ್ಟುಕೊಳ್ಳಿ. ಪೈಪೋಟಿಯಲ್ಲಿ ಇದೊಂದು ಅನುಕೂಲ, ಅವರು ಹೆಚ್ಚು ಸುರಿದಷ್ಟೂ ನಿಮ್ಮ ಬಜೆಟ್ ಉಳಿಯುತ್ತದೆ. ಸೊನ್ನೆ ಸುತ್ತಿಗೂ ಹಣ ಇರಬೇಕು, ಸುಟ್ಟ ಟೋಕನ್ ನಿಜಕ್ಕೂ ಸುಡಬೇಕು. ಅದಕ್ಕೆ ಟೋಕನಿಗೆ 10 ಪೈಸೆ ಸಾಕು, ಗರಿಷ್ಠ 16 ರೂಪಾಯಿ ತಲೆಗೆ. ಆ 384 ರೂಪಾಯಿ ಬೇರೆ ತೆಗೆದಿಡಿ. ಆಂತರಿಕ ಅಂಕ ಕೊಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ದಾಳ ಉರುಳಿಸಿ ಅಂಕ ಹಂಚುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಇನ್ನೊಂದು, ಫಲಿತಾಂಶದ ಚೀಟಿಯಲ್ಲಿ ಎದುರಾಳಿಯ ಪಣ ತೋರಿಸಬೇಕೇ? ತೋರಿಸಿದರೆ ಗೆದ್ದವನನ್ನು ನಕಲು ಮಾಡುತ್ತಾರೆ; ಗೆದ್ದವನು ಸಾಮಾನ್ಯವಾಗಿ ಹೆಚ್ಚು ಹಾಕಿದವನೇ ಆದ್ದರಿಂದ ಪಣ ಏರುತ್ತ ಹೋಗುತ್ತದೆ. ತೋರಿಸದಿದ್ದರೆ ಕಲಿಯಲು ಆಧಾರವಿಲ್ಲ. ನನ್ನ ಆಯ್ಕೆ ತೋರಿಸುವುದು, ಏಕೆಂದರೆ ಹಂಚಿಕೆ ಭಾಗದಲ್ಲಿ ತನ್ನ ಪಾಲು ನೋಡಿ ಎದುರಾಳಿಯ ಪಣ ಹೇಗೂ ಲೆಕ್ಕ ಹಾಕಬಹುದು. ಎರಡೂ ಭಾಗಗಳಲ್ಲಿ ಮಾಹಿತಿ ಸಮನಾಗಿರಲಿ.

---

ಕಾಳಿ_ಅಳಿವೆ ಉತ್ತರ:

ದಾಳದ ವಿಷಯದಲ್ಲಿ ಶೂನ್ಯರವರದ್ದೇ ಸರಿ, ಹಿಂತೆಗೆದುಕೊಂಡೆ.

ಅಪಾಯಕ್ಕೆ ಹೆದರುವವರ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಮಿಲ್ನರ್ ಮತ್ತು ಪ್ರ್ಯಾಟ್ 1991ರಲ್ಲಿ ಕಂಡದ್ದು, ಹೆಚ್ಚು ಹೆದರುವವರು ಕಡಿಮೆ ಹಾಕುತ್ತಾರೆ. ಆದ್ದರಿಂದ ಅತಿಪಣಕ್ಕೆ (ಸಮತೋಲನಕ್ಕಿಂತ ಹೆಚ್ಚು ಹಾಕುವುದಕ್ಕೆ) ಅಪಾಯದ ಅಂಜಿಕೆ ವಿವರಣೆಯಾಗದು. ಸಮಯ ಉಳಿದರೆ ಈ ಅಂಜಿಕೆ ಅಳೆಯುವ ಹೋಲ್ಟ್-ಲೌರಿ 2002ರ ಹತ್ತು ಸಾಲಿನ ಆಯ್ಕೆಪಟ್ಟಿ ಕೊಡಿ, ಉಳಿಯದಿದ್ದರೆ ಬಿಡಿ. ಪ್ರಕಟವಾದ 30 ಪ್ರಯೋಗಗಳನ್ನು ಶೆರೆಮೆಟಾ 2013ರಲ್ಲಿ ಒಟ್ಟುಗೂಡಿಸಿದಾಗ ಅತಿಪಣದ ಮಧ್ಯಮಾಂಕ 72 ಪ್ರತಿಶತ. ಅಂದರೆ ನಿಮ್ಮ 40ರ ಜಾಗದಲ್ಲಿ 69ರ ಆಸುಪಾಸು ಬಂದರೆ ಪ್ರಯೋಗ ಕೆಟ್ಟಿಲ್ಲ. 40 ನಿಖರವಾಗಿ ಬಂದರೆ ಮಾತ್ರ ಯಾರೋ ಸಮತೋಲನದ ಸೂತ್ರ ಓದಿಕೊಂಡು ಬಂದಿದ್ದಾರೆಯೇ ಎಂದು ನೋಡಿ. ಪಾಠ ಪ್ರಯೋಗದ ನಂತರ ಇರಲಿ, ಮುಂಚೆ ಬೇಡ.

ಪರೀಕ್ಷೆಯ ಪ್ರಶ್ನೆಗಳ ಬಗ್ಗೆ ಒಂದು ಎಚ್ಚರಿಕೆ. “ನೀವು 40, ಎದುರಾಳಿ 120” ಎಂಬಂಥ ಉದಾಹರಣೆ ಕೊಟ್ಟರೆ ಮೊದಲ ಮೂರು ಸುತ್ತಿನ ಪಣಗಳು ಆ ಎರಡು ಅಂಕಿಗಳಿಗೇ ಅಂಟಿಕೊಳ್ಳುತ್ತವೆ. ಒಂದು ತೀರ ಕೆಳಗಿನದ್ದು, ಒಂದು ತೀರ ಮೇಲಿನದ್ದು ಕೊಡಿ. ನೀವು 7, ಎದುರಾಳಿ 21: ಸಂಭವ 25 ಪ್ರತಿಶತ, ಗೆದ್ದರೆ ಕೈಯಲ್ಲಿ 313, ಸೋತರೆ 153. ನೀವು 135, ಎದುರಾಳಿ 45: ಸಂಭವ 75 ಪ್ರತಿಶತ, ಗೆದ್ದರೆ 185, ಸೋತರೆ 25. ಎರಡನೆಯದರಲ್ಲಿ “ಸೋತರೆ 160” ಎಂದು ಬರೆದವರು ಇನ್ನೂ ಅಡಿಕೆ ಟೆಂಡರಿನಲ್ಲೇ ಇದ್ದಾರೆ. ಅವರ ಬೆಂಚಿಗೆ ಹೋಗಿ ಮತ್ತೊಮ್ಮೆ ವಿವರಿಸದೆ ಮೊದಲ ಸುತ್ತು ಶುರು ಮಾಡಬೇಡಿ.